ಡಬ್ಬಿ ಮುಚ್ಚುವ ಮೊದಲು ಪೆಡಲ್ ಹಾಡಲಿ

ಗಿಟಾರ್ ಸದ್ದನ್ನು ಒರಟು ಮಾಡುವ ನನ್ನ ಮೊದಲ ಫಜ್ ಪೆಡಲ್‌ಗೆ ತೂತು ಕೊರೆದು, ಬಣ್ಣ ಬಳಿದು, ನಾಲ್ಕೂ ಸ್ಕ್ರೂ ಬಿಗಿದ ಮೇಲೆ ಗಿಟಾರ್ ಸಿಕ್ಕಿಸಿದೆ. ಸೊಳ್ಳೆ ಗುಂಯ್‌ಗುಟ್ಟಿದಷ್ಟು ಸದ್ದು. ಜೋಡಿಸಿದ ದಿನ ಭಾನುವಾರ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಬಿಡಿಭಾಗದ ಅಂಗಡಿ ಮುಚ್ಚಿತ್ತು. ಬಿಸಿ 547 ಟ್ರಾನ್ಸಿಸ್ಟರ್ ಖಾಲಿಯಾಗಿದ್ದಕ್ಕೆ ಡ್ರಾಯರ್‌ನಲ್ಲಿದ್ದ 2ಎನ್ 3904 ಹಾಕಿದ್ದೆ. ನೋಡೋಕೆ ಎರಡೂ ಒಂದೇ ಥರ. ಆದರೆ ಚಪ್ಪಟೆ ಮುಖ ನಮ್ಮ ಕಡೆ ಹಿಡಿದರೆ ಮೊದಲನೆಯದರ ಕಾಲುಗಳು ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್; ಎರಡನೆಯದರದ್ದು ಉಲ್ಟಾ. ತಿರುಗಿಸಿ ಹಾಕೋದು ಐದು ನಿಮಿಷದ ಕೆಲಸ. ಆದರೆ ಬೋರ್ಡನ್ನು ಡಬ್ಬಿಯಿಂದ ಹೊರಗೆ ತೆಗೆಯೋಕೆ ಎರಡು ಸಂಜೆ ಹಿಡಿಯಿತು, ಜಾಕ್‌ನ ವೈರೂ ಕಿತ್ತು ಬಂತು.

ಆಮೇಲೆ ಬೋರ್ಡನ್ನು ಡಬ್ಬಿಗೆ ಹಾಕುವ ಮೊದಲೇ ಪರೀಕ್ಷಿಸೋಕೆ ಒಂದು ಟೆಸ್ಟ್ ಹಲಗೆ ಮಾಡಿಕೊಂಡೆ. ನೀವೂ ಮಾಡಿಕೊಳ್ಳಿ. ಸ್ವೀಟ್ ಅಂಗಡಿಯ ಪ್ಲಾಸ್ಟಿಕ್ ಡಬ್ಬ ಆದರೂ ನಡೆಯುತ್ತದೆ. ಅದಕ್ಕೆ ಎರಡು ಗಿಟಾರ್ ಜಾಕ್, ಒಂದು 9 ವೋಲ್ಟ್ ಬ್ಯಾಟರಿ ಕ್ಲಿಪ್, ನಾಲ್ಕು ಕ್ರೊಕೊಡೈಲ್ ಕ್ಲಿಪ್ ಸಾಕು. ಕೆಂಪು ಪವರ್‌ಗೆ, ಕಪ್ಪು ಗ್ರೌಂಡ್‌ಗೆ, ಹಳದಿ ಇನ್‌ಪುಟ್‌ಗೆ, ಹಸಿರು ಔಟ್‌ಪುಟ್‌ಗೆ. ಎರಡೂ ಜಾಕ್‌ನ ಗ್ರೌಂಡ್ ಕಾಲು ಕಪ್ಪು ವೈರಿಗೇ ಸೇರಬೇಕು. ಅಡಾಪ್ಟರ್ ಬೇಕೆಂದರೆ ಆಮೇಲೆ ಹಾಕಿ. ಆದರೆ ಗಿಟಾರ್ ಪೆಡಲ್‌ಗಳಲ್ಲಿ ಸಾಮಾನ್ಯವಾಗಿ ಪಿನ್‌ನ ನಡುಭಾಗ ನೆಗೆಟಿವ್, ಅದನ್ನು ಮರೆಯಬೇಡಿ. ಮೊದಲ ಸಲ ಬ್ಯಾಟರಿಯೇ ಒಳ್ಳೆಯದು. ಎಲ್ಲೋ ಶಾರ್ಟ್ ಆಗಿದ್ದರೂ ಅಡಾಪ್ಟರ್‌ನಷ್ಟು ಅನಾಹುತ ಮಾಡೋದಿಲ್ಲ.

ಕರೆಂಟ್ ಕೊಡುವ ಮೊದಲು ಮಲ್ಟಿಮೀಟರ್ ಅನ್ನು ಬೀಪ್‌ಗೆ ತಿರುಗಿಸಿ, ಬೋರ್ಡ್‌ನ ಪವರ್ ಮತ್ತು ಗ್ರೌಂಡ್ ಮುಟ್ಟಿಸಿ. ಒಂದು ಕ್ಷಣ ಬೀಪ್ ಅಂದು ನಿಂತರೆ ಗಾಬರಿ ಬೇಡ, ಫಿಲ್ಟರ್ ಕೆಪಾಸಿಟರ್ ಚಾರ್ಜ್ ಆಗುತ್ತಿರುತ್ತದೆ. ನಿಲ್ಲದೆ ಕೂಗಿದರೆ ಬೆಸುಗೆ ಎಲ್ಲೋ ಅಂಟಿಕೊಂಡಿದೆ ಅಂತ ಅರ್ಥ.

ನಂತರ ಮೀಟರನ್ನು ಮಿಲಿಆಂಪ್‌ಗೆ ಹಾಕಿ ಬ್ಯಾಟರಿಯ ಜೊತೆ ಸರಣಿಯಲ್ಲಿ ಸೇರಿಸಿ. ಒಂದೇ ಐಸಿಯ (ಚಿಪ್‌ನ) ಓವರ್‌ಡ್ರೈವ್ ಪೆಡಲ್ 10 ಮಿಲಿಆಂಪ್ ದಾಟೋದು ಅಪರೂಪ. ಐವತ್ತು, ನೂರು ತೋರಿಸಿದರೆ ತಕ್ಷಣ ಬ್ಯಾಟರಿ ಬಿಚ್ಚಿ. ನೋಡಿಯಾದ ಮೇಲೆ ಮೀಟರ್‌ನ ಕೆಂಪು ವೈರನ್ನು ವೋಲ್ಟ್ ತೂತಿಗೆ ವಾಪಸ್ ಹಾಕಿ. ಇದನ್ನು ಮರೆತು ನಾನು ಎರಡು ಫ್ಯೂಸ್ ಸುಟ್ಟಿದ್ದೇನೆ.

ಈಗ ವೋಲ್ಟೇಜ್. ಟಿಎಲ್ 072 ಥರದ ಐಸಿಯಾದರೆ 8ನೇ ಕಾಲಲ್ಲಿ 9 ವೋಲ್ಟ್, 4ನೇ ಕಾಲಲ್ಲಿ ಸೊನ್ನೆ, 1 ಮತ್ತು 7ರಲ್ಲಿ ಹತ್ತಿರ ಹತ್ತಿರ 4.5 ಇರಬೇಕು. 1 ಮೆಗಾಓಮ್ ರೆಸಿಸ್ಟರ್ ಮೂಲಕ 4.5 ಬರುವ ಇನ್‌ಪುಟ್ ಕಾಲಲ್ಲಿ 4 ಅಂತ ತೋರಿಸಿದರೆ ತಪ್ಪು ಹುಡುಕಬೇಡಿ. ಮೀಟರೇ ಸ್ವಲ್ಪ ಎಳೆದುಕೊಂಡಿರುತ್ತದೆ.

ಇಷ್ಟಾದರೂ ಸದ್ದು ಬರಲಿಲ್ಲವಾ? ಆಗ ಬೇಕಾಗೋದು ಆಡಿಯೊ ಪ್ರೋಬ್, ಅಂದರೆ ಸದ್ದು ಎಲ್ಲಿ ನಿಂತಿದೆ ಅಂತ ಹುಡುಕುವ ಸೂಜಿ. ನನ್ನ ಕೇಳಿದರೆ ಇಡೀ ಕೆಲಸದಲ್ಲಿ ಮಜಾ ಇರೋದು ಇಲ್ಲೇ. ಹಸಿರು ಕ್ಲಿಪ್ಪಿಗೆ 104 ಅಂತ ಬರೆದಿರುವ ಕೆಪಾಸಿಟರ್ ಕಚ್ಚಿಸಿ. ಅದರ ಇನ್ನೊಂದು ಕಾಲೇ ನಿಮ್ಮ ಸೂಜಿ. ಕೆಪಾಸಿಟರ್ ಡಿಸಿ ತಡೆದು ಸದ್ದನ್ನು ಮಾತ್ರ ಬಿಡುತ್ತದೆ. ಇನ್‌ಪುಟ್‌ಗೆ ಫೋನ್‌ನಿಂದ ಯಾವುದಾದರೂ ಹಾಡನ್ನು ಸಣ್ಣ ದನಿಯಲ್ಲಿ ಬಿಡಿ. ಗಿಟಾರ್ ಮೀಟುತ್ತಾ ಸೂಜಿ ಹಿಡಿಯೋಕೆ ಮೂರನೇ ಕೈ ಬೇಕಲ್ವಾ! ಆಂಪ್ ದನಿಯನ್ನೂ ತಗ್ಗಿಸಿ. ವಾಲ್ಯೂಮ್ ಪಾಟ್‌ಗಿಂತ (ತಿರುಗಿಸುವ ಗುಂಡಿಗಿಂತ) ಮುಂಚೆ ಸಿಗ್ನಲ್ ಜೋರಾಗಿರುತ್ತದೆ, ರಾತ್ರಿ ಹನ್ನೊಂದಕ್ಕೆ ಕೆಳಗಿನ ಮನೆಯ ಓನರ್ ಬಂದು ಬಾಗಿಲು ಬಡಿಯಬಾರದು.

ಸೂಜಿಯನ್ನು ಇನ್‌ಪುಟ್‌ನಿಂದ ಶುರುಮಾಡಿ ಸ್ಕೀಮ್ಯಾಟಿಕ್ (ಸರ್ಕ್ಯೂಟ್ ನಕ್ಷೆ) ಇದ್ದ ಹಾಗೇ ಮುಂದೆ ಸರಿಸಿ. ಮೊದಲ ಕೆಪಾಸಿಟರ್‌ನ ಆಚೆ ಬದಿ, ಬೇಸ್, ಕಲೆಕ್ಟರ್, ಪಾಟ್. ಬೇಸ್‌ನಲ್ಲಿ ಹಾಡು ಕೇಳಿ, ಕಲೆಕ್ಟರ್‌ನಲ್ಲಿ ಜೋರಾಗದೆ ಇದ್ದರೆ ಕಳ್ಳ ಆ ಟ್ರಾನ್ಸಿಸ್ಟರ್ ಸುತ್ತಲೇ ಇದ್ದಾನೆ. ಈ ಸೂಜಿ 9 ವೋಲ್ಟ್ ಬೋರ್ಡ್‌ಗೆ ಮಾತ್ರ. ವಾಲ್ವ್ ಆಂಪ್ ಬಿಚ್ಚಿ ಖಂಡಿತ ಚುಚ್ಚಬೇಡಿ, ಅಲ್ಲಿ ನೂರಾರು ವೋಲ್ಟ್ ಇರುತ್ತದೆ.

ಗುಂಯ್ ಅನ್ನೋ ಹಮ್ ಬಂದರೆ ಅಷ್ಟಕ್ಕೇ ಬೋರ್ಡ್ ಕಿತ್ತು ಹಾಕಬೇಡಿ. ಬರೀ ಬೋರ್ಡ್ ಮನೆಯ 50 ಹರ್ಟ್ಸ್ ಕರೆಂಟನ್ನು ಆಂಟೆನಾ ಥರ ಹಿಡಿಯುತ್ತದೆ. ಕೆಳಗೆ ಅಡುಗೆಮನೆಯ ಅಲ್ಯುಮಿನಿಯಂ ತಟ್ಟೆ ಇಟ್ಟು, ನಡುವೆ ರಟ್ಟು ಹಾಕಿ, ತಟ್ಟೆಗೆ ಕಪ್ಪು ಕ್ಲಿಪ್ ಕಚ್ಚಿಸಿ ನೋಡಿ. ಹಮ್ ಕಮ್ಮಿಯಾದರೆ ಮಿಕ್ಕಿದ್ದನ್ನು ಲೋಹದ ಡಬ್ಬಿ ನೋಡಿಕೊಳ್ಳುತ್ತದೆ. ಕರೆಂಟ್ ಹೋಗಿ ಇನ್ವರ್ಟರ್ ಓಡುವಾಗ ಈ ಪರೀಕ್ಷೆ ಮಾತ್ರ ಬೇಡ.

ಕೊನೆಗೆ, ಉರಿದು ಮುಗಿದ ಊದುಬತ್ತಿಯ ಕಡ್ಡಿಯಿಂದ ಒಂದೊಂದೇ ಬೆಸುಗೆಯನ್ನು ಮೆಲ್ಲಗೆ ಒತ್ತಿ. ಒತ್ತಿದಾಗ ಚರಚರ ಅಂದರೆ ಅದಕ್ಕೆ ಮತ್ತೆ ಕಾವು ಕೊಡಿ. ಅರ್ಧ ಗಂಟೆ ಹಾಗೇ ಬಿಟ್ಟು ಐಸಿ ಮೇಲೆ ಬೆರಳಿಡಿ, ಬಿಸಿಯಾಗಿರಬಾರದು.

ಇನ್ನು ಡಬ್ಬಿಗೆ ಹಾಕಬಹುದು. ಬೋರ್ಡ್‌ಗೆ ತಾಗದಂತೆ ಪಾಟ್‌ಗಳ ಬೆನ್ನಿಗೆ ಇನ್ಸುಲೇಷನ್ ಟೇಪ್ ಅಂಟಿಸಿ. ಸದ್ಯಕ್ಕೆ ಎರಡೇ ಸ್ಕ್ರೂ ಬಿಗಿಯಿರಿ. ಮಿಕ್ಕೆರಡನ್ನು ಒಂದು ವಾರ ನುಡಿಸಿದ ಮೇಲೆ ಬಿಗಿದರಾಯಿತು.