ಕ್ಯಾಸೆಟ್ಟಿನಲ್ಲಿ ಉಳಿದಿದ್ದ ರಂಗೋಲಿ: ಬಿಬಿಸಿ ಮೈಕ್ರೋವನ್ನು ಇವತ್ತಿನ ಲ್ಯಾಪ್‌ಟಾಪಿನಲ್ಲಿ ಎಬ್ಬಿಸುವುದು ಹೇಗೆ

ನಿಮ್ಮ ಮನೆಯ ಅಟ್ಟದಲ್ಲಿ ಎಂಬತ್ತರ ದಶಕದ ಶಾಲೆಯ ಕಂಪ್ಯೂಟರ್ ಕ್ಯಾಸೆಟ್ಟು ಇದ್ದರೆ ದಯವಿಟ್ಟು ಅದನ್ನು ಈಗಲೇ ಪ್ಲೇಯರಿಗೆ ಹಾಕಬೇಡಿ. ಮೊದಲು ಇದನ್ನು ಓದಿ. ನನ್ನ ಹತ್ತಿರ ಇದ್ದದ್ದು ಎರಡು ಕ್ಯಾಸೆಟ್ಟು. ಒಂದನ್ನು ಆತುರಪಟ್ಟು ಹಳೇ ಟೇಪ್‌ರೆಕಾರ್ಡರಿಗೆ ಹಾಕಿದೆ, ಅದು ಟೇಪನ್ನು ಒಳಕ್ಕೆ ಎಳೆದು ಸುತ್ತಿಕೊಂಡಿತು. ಉಳಿದ ಒಂದರಲ್ಲಿದ್ದ ರಂಗೋಲಿ ಇವತ್ತು ನನ್ನ ಲ್ಯಾಪ್‌ಟಾಪಿನಲ್ಲಿ ಮೂಡುತ್ತದೆ.

ನಾನು ಮಂಡ್ಯದಲ್ಲಿ ಗಣಿತದ ಟೀಚರಾಗಿದ್ದವಳು. ಕೇಂದ್ರ ಸರ್ಕಾರ 1984ರಲ್ಲಿ ಕ್ಲಾಸ್ ಎಂಬ ಯೋಜನೆ ಶುರು ಮಾಡಿ, ಮೊದಲ ಸುತ್ತಿನಲ್ಲಿ ದೇಶದ ಸುಮಾರು 250 ಶಾಲೆಗಳಲ್ಲಿ ಬಿಬಿಸಿ ಮೈಕ್ರೋ ಕಂಪ್ಯೂಟರ್ ಇರಿಸಿತು. ಆಮೇಲೆ ಬೇರೆ ಶಾಲೆಗಳಿಗೂ ಬಂತು. ನಮ್ಮಲ್ಲಿಗೆ ಬಂದ ಯಂತ್ರಕ್ಕೆ ಡಿಸ್ಕ್ ಇರಲಿಲ್ಲ, ಕ್ಯಾಸೆಟ್ಟೇ ಗತಿ. 1987ರ ಸಂಕ್ರಾಂತಿಗೆ ಒಂಬತ್ತನೇ ತರಗತಿಯ ಹುಡುಗಿಯರು ಚುಕ್ಕಿ ರಂಗೋಲಿ ಬಿಡಿಸುವ ಪ್ರೋಗ್ರಾಂ ಬರೆದರು. ಒಂದರಿಂದ ಏಳು, ಮತ್ತೆ ಏಳರಿಂದ ಒಂದಕ್ಕೆ ಇಳಿಯುವ ಸಂದು ಚುಕ್ಕಿ. ಒಟ್ಟು 49. ಇದು ಓರೆಯಾಗಿ ನಿಲ್ಲಿಸಿದ ಏಳೇಳು ಚೌಕವೇ ಎಂದು ಅವರೇ ಕಂಡುಕೊಂಡ ದಿನ ನನಗಿನ್ನೂ ನೆನಪಿದೆ. ಆ ಯಂತ್ರಕ್ಕೆ ಬಂದ ಆಟಗಳನ್ನು ಜಗತ್ತಿನಲ್ಲಿ ಎಷ್ಟೋ ಜನ ಜೋಪಾನ ಮಾಡಿ ಇಟ್ಟಿದ್ದಾರೆ. ಆದರೆ ಈ ಹುಡುಗಿಯರ ರಂಗೋಲಿ ಇದ್ದದ್ದು ನನ್ನ ಸೀರೆ ಬೀರುವಿನ ಒಂದೇ ಒಂದು ಕ್ಯಾಸೆಟ್ಟಿನಲ್ಲಿ. ಅದಕ್ಕೇ ಎಮ್ಯುಲೇಟರಿಗಿಂತ (ಹಳೇ ಯಂತ್ರದ ಹಾಗೆ ನಡೆದುಕೊಳ್ಳುವ ತಂತ್ರಾಂಶಕ್ಕಿಂತ) ಮೊದಲು ಟೇಪಿನ ಕೆಲಸ ಎನ್ನುತ್ತೇನೆ.

ಟೇಪ್‌ರೆಕಾರ್ಡರನ್ನು ಮೊದಲು ರಿಪೇರಿಯವರಿಗೆ ತೋರಿಸಿ. ನೂರಡಿ ರಸ್ತೆಯ ಹಿಂದಿನ ಓಣಿಯಲ್ಲಿ ಇನ್ನೂ ರೇಡಿಯೊ ಬಿಚ್ಚುವವರೊಬ್ಬರಿದ್ದಾರೆ. ಮುಚ್ಚಳ ತೆಗೆದವರೇ, "ಟೀಚರಮ್ಮ, ಬೆಲ್ಟು ಕರಗಿ ಟಾರಾಗೋಗದೆ ನೋಡಿ, ಇನ್ನು ಟೇಪು ಸುತ್ಕೊಳ್ದೆ ಇನ್ನೇನ್ ಮಾಡ್ತದೆ" ಅಂದರು. ಹೊಸ ರಬ್ಬರ್ ಬೆಲ್ಟ್ ಹಾಕಿ, ಹೆಡ್ಡನ್ನು ಸ್ಪಿರಿಟ್‌ನಲ್ಲಿ ಒರೆಸಿ ಕೊಟ್ಟರು. ಮೊದಲು ಯಾವುದಾದರೂ ಬೇಡದ ಹಾಡಿನ ಕ್ಯಾಸೆಟ್ಟು ಹಾಕಿ ಎರಡೂ ಬದಿ ಪೂರ್ತಿ ಓಡಿಸಿ. ಅದು ಸರಾಗವಾಗಿ ಓಡಿದರೆ ಮಾತ್ರ ನಿಮ್ಮ ಕ್ಯಾಸೆಟ್ಟು ಹಾಕಿ.

ಪ್ಲೇಯರಿನ ಹೆಡ್‌ಫೋನ್ ತೂತಿನಿಂದ ಲ್ಯಾಪ್‌ಟಾಪಿಗೆ ಒಂದು ವೈರು ಬೇಕು. ಈಗಿನ ಲ್ಯಾಪ್‌ಟಾಪಿನಲ್ಲಿ ಹೆಡ್‌ಫೋನಿಗೂ ಮೈಕಿಗೂ ಒಂದೇ ತೂತು ಇರುತ್ತದೆ, ಮಾಮೂಲಿ ವೈರು ಅದರಲ್ಲಿ ಕೆಲಸ ಮಾಡುವುದಿಲ್ಲ. ಯುಎಸ್‌ಬಿಗೆ ಚುಚ್ಚುವ ಸಣ್ಣ ಸೌಂಡ್ ಅಡಾಪ್ಟರ್ ತಂದು, ಅದರ ಮೈಕ್ ತೂತಿಗೆ ಹಾಕಿ. ರೆಕಾರ್ಡ್ ಮಾಡಲು ಆಡಾಸಿಟಿ ಸಾಕು, ದುಡ್ಡು ಕೊಡಬೇಕಿಲ್ಲ. ಮೋನೊ, 44,100 ಹರ್ಟ್ಸ್, ವೇವ್ ಕಡತ. ಎಂಪಿ3 ಮಾಡಬೇಡಿ, ಕಿವಿಗೆ ಬೇಡವೆಂದು ಅದು ಬಿಟ್ಟುಬಿಡುವ ಭಾಗವೇ ಇಲ್ಲಿ ಬೇಕಾಗಬಹುದು. ಗದ್ದಲ ಕಡಿಮೆ ಮಾಡುವ ಸೌಲಭ್ಯವನ್ನೂ ಮುಟ್ಟಬೇಡಿ. ಅಲೆಯ ತುದಿ ಪರದೆಯ ಅರ್ಧಕ್ಕೆ ಬರುವಷ್ಟು ವಾಲ್ಯೂಮ್ ಇಡಿ, ತಲೆ ಚಪ್ಪಟೆಯಾದರೆ ಕೆಟ್ಟಿತು ಎಂದೇ ತಿಳಿಯಿರಿ.

ಕೇಳುವಾಗ ಮೊದಲು 'ಕೀ' ಎಂಬ ಒಂದೇ ಸ್ವರ, ಆಮೇಲೆ ಗರಗರ ಸದ್ದು. ಆ ಗರಗರವೇ ಪ್ರೋಗ್ರಾಂ. 1,200 ಹರ್ಟ್ಸಿನ ಒಂದು ಅಲೆ ಬಂದರೆ ಸೊನ್ನೆ, 2,400 ಹರ್ಟ್ಸಿನ ಎರಡು ಅಲೆ ಬಂದರೆ ಒಂದು. ಸದ್ದು ಮಂಕಾಗಿದ್ದರೆ ಪ್ಲೇಯರಿನ ಹೆಡ್ಡಿನ ಪಕ್ಕದ ಪುಟ್ಟ ತಿರುಪನ್ನು ವಾಚ್ ರಿಪೇರಿಯ ಸ್ಕ್ರೂಡ್ರೈವರಿನಿಂದ ಕೂದಲೆಳೆಯಷ್ಟು ತಿರುಗಿಸಿ, ಸದ್ದು ಅತ್ಯಂತ ಚುರುಕಾಗಿ ಕೇಳುವಲ್ಲಿ ನಿಲ್ಲಿಸಿ. ನನ್ನ ಟೇಪು ಮೊದಲ ಸಲ ಓದಿಸಿದಾಗ ಅರ್ಧಕ್ಕೇ ನಿಂತಿತ್ತು. ಈ ತಿರುಪು ತಿರುಗಿಸಿ ಮತ್ತೆ ರೆಕಾರ್ಡ್ ಮಾಡಿದ ಮೇಲೆ ಪೂರ್ತಿ ಬಂತು. ವೇವ್ ಕಡತವನ್ನು ಎಮ್ಯುಲೇಟರ್ ಓದುವ ಯುಇಎಫ್ ರೂಪಕ್ಕೆ ತರಲು ಕ್ವಾಡ್‌ಬೈಕ್ ಎಂಬ ತಂತ್ರಾಂಶವಿದೆ.

ಈಗ ಯಂತ್ರದ ಕಡೆ ಬರೋಣ.

ಬಿಬಿಸಿ ಮೈಕ್ರೋವನ್ನು ಇಂಗ್ಲೆಂಡಿನ ಕೇಂಬ್ರಿಜ್‌ನ ಏಕಾರ್ನ್ ಕಂಪನಿ 1981ರಲ್ಲಿ ಹೊರತಂದಿತು. 2 ಮೆಗಾಹರ್ಟ್ಸಿನ 6502 ಪ್ರೊಸೆಸರ್, ಮಾಡೆಲ್ ಬಿ ಯಂತ್ರದಲ್ಲಿ 32 ಕಿಲೋಬೈಟ್ ಮೆಮೊರಿ. ಎಮ್ಯುಲೇಟರ್ ಎಂದರೆ ಆ ಪ್ರೊಸೆಸರ್, ಆ ಮೆಮೊರಿ, ಆ ಪರದೆ ಹೇಗೆ ನಡೆದುಕೊಳ್ಳುತ್ತಿದ್ದವೋ ಹಾಗೇ ನಡೆದುಕೊಳ್ಳುವ ತಂತ್ರಾಂಶ. ಬರೀ ರುಚಿ ನೋಡುವುದಾದರೆ ಬ್ರೌಸರಿನಲ್ಲೇ ಓಡುವ ಜೆಎಸ್‌ಬೀಬ್ ಸಾಕು, ಏನನ್ನೂ ಇಳಿಸಿಕೊಳ್ಳಬೇಕಿಲ್ಲ. ಟೇಪು, ಡಿಸ್ಕು ಎಲ್ಲ ಇಟ್ಟುಕೊಂಡು ಕೆಲಸ ಮಾಡುವವರಿಗೆ ವಿಂಡೋಸ್‌ನಲ್ಲಿ ಬೀಬ್‌ಎಮ್ ನನ್ನ ಆಯ್ಕೆ. ಅದೂ ಉಚಿತ. ಯಂತ್ರದ ರೋಮ್ ಕಡತಗಳು, ಅಂದರೆ ಅದರ ಹುಟ್ಟುಜ್ಞಾನ, ಜೊತೆಯಲ್ಲೇ ಬರುತ್ತವೆ. ಹಾರ್ಡ್‌ವೇರ್ ಮೆನುವಿನಲ್ಲಿ ಮಾಡೆಲ್ ಬಿ ಆರಿಸಿ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ 'ಬಿಬಿಸಿ ಕಂಪ್ಯೂಟರ್ 32ಕೆ', ಕೆಳಗೆ 'ಏಕಾರ್ನ್ ಡಿಎಫ್‌ಎಸ್', ಅದರ ಕೆಳಗೆ 'ಬೇಸಿಕ್', ಕೊನೆಗೆ ಒಂದು ಬಾಣದ ಗುರುತು ಬಂದರೆ ಯಂತ್ರ ಎದ್ದಿತು. ಎರಡನೇ ಸಾಲನ್ನು ನೆನಪಿಡಿ, ಮುಂದೆ ಅದರಿಂದಲೇ ಒಂದು ತೊಡಕು ಬರುತ್ತದೆ.

ಕೀಬೋರ್ಡಿಗೆ ಎರಡು ಮಾತು. ಹಳೇ ಯಂತ್ರದಲ್ಲಿ ಶಿಫ್ಟ್ ಒತ್ತಿ 2 ಒತ್ತಿದರೆ ಉದ್ಧರಣ ಚಿಹ್ನೆ ಬರುತ್ತಿತ್ತು. ನಮ್ಮ ಈಗಿನ ಕೀಬೋರ್ಡಿನಲ್ಲಿ ಅದರ ಜಾಗವೇ ಬೇರೆ. ಆಯ್ಕೆಗಳಲ್ಲಿ 'ಲಾಜಿಕಲ್' ಕೀಬೋರ್ಡ್ ಜೋಡಣೆ ಆರಿಸಿದರೆ ಕೀಲಿಯ ಮೇಲೆ ಏನಿದೆಯೋ ಅದೇ ಬೀಳುತ್ತದೆ. ಹಳೆಯ ಬ್ರೇಕ್ ಕೀಲಿಯ ಬದಲು ಎಫ್12.

ಯಂತ್ರ ಸರಿ ಇದೆಯೇ ಎಂದು ನೋಡಲು ಒಂದು ಕನ್ನಡ ಅಕ್ಷರ ಬರೆಯೋಣ. (ಆಜ್ಞೆಗಳನ್ನು ತರಗತಿಯಲ್ಲಿ ಬಾಯಲ್ಲಿ ಹೇಳುತ್ತಿದ್ದ ಹಾಗೆ ಬರೆದಿದ್ದೇನೆ. ಟೈಪ್ ಮಾಡುವುದು ಇಂಗ್ಲಿಷಿನ ದೊಡ್ಡಕ್ಷರದಲ್ಲಿ.) ಮೊದಲು 'ಮೋಡ್ 1' ಎಂದು ಕೊಡಿ (ಮೋಡ್ ಅಂದರೆ ಪರದೆಯ ಬಗೆ), ಯಂತ್ರ ಏಳುವ ಮೋಡ್ 7ರಲ್ಲಿ ನಮ್ಮದೇ ಅಕ್ಷರ ಕಾಣುವುದಿಲ್ಲ. ಆಮೇಲೆ:

ವಿಡಿಯು 23,224,126,60,66,129,153,129,66,60

ಅದಾದ ಮೇಲೆ 'ಪ್ರಿಂಟ್' ಬರೆದು, ಜಾಗ ಬಿಟ್ಟು, ಸಿ, ಎಚ್, ಆರ್, ಡಾಲರ್ ಚಿಹ್ನೆ, 224. ಪರದೆಯ ಮೇಲೆ ನಮ್ಮ ಠ ಬಂದು ಕೂರುತ್ತದೆ! ಎಂಟು ಅಡ್ಡಸಾಲು, ಒಂದೊಂದು ಸಾಲಿನಲ್ಲಿ ಎಂಟು ಮನೆ. ಎಡದಿಂದ ಮನೆಗಳ ಬೆಲೆ 128, 64, 32, 16, 8, 4, 2, 1. ಯಾವ ಮನೆ ಬೆಳಗಬೇಕೋ ಅದರ ಬೆಲೆ ಕೂಡಿಸುತ್ತಾ ಹೋಗುವುದು. ಐದನೇ ಸಾಲಿನ 153 ಅಂದರೆ 128, 16, 8, 1. ಎರಡು ತುದಿಯಲ್ಲಿ ಸುತ್ತಿನ ಗೋಡೆ, ನಡುವೆ ಚುಕ್ಕಿ. ಬೈನರಿ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ನಮ್ಮ ಹುಡುಗಿಯರು ಗ್ರಾಫ್ ಪುಸ್ತಕದಲ್ಲಿ ತಮ್ಮ ಹೆಸರಿನ ಅಕ್ಷರವನ್ನೆಲ್ಲ ಹೀಗೇ ಮಾಡಿಕೊಂಡಿದ್ದರು. ಒತ್ತಕ್ಷರ ಬಂದರೆ ಮಾತ್ರ ಎಂಟು ಮನೆ ಸಾಲುತ್ತಿರಲಿಲ್ಲ, ಎರಡು ಅಕ್ಷರವನ್ನು ಒಂದರ ಕೆಳಗೊಂದು ಇಡಬೇಕಿತ್ತು.

ಈಗ ಎಫ್12 ಒತ್ತಿ ಮೊದಲಿನ ಪರದೆಗೆ ಬನ್ನಿ. ಫೈಲ್ ಮೆನುವಿನಲ್ಲಿ ನಿಮ್ಮ ಟೇಪಿನ ಯುಇಎಫ್ ಕಡತ ಹಾಕಿ. ನಕ್ಷತ್ರ ಚಿಹ್ನೆ ಒತ್ತಿ ಅದಕ್ಕೆ ಅಂಟಿದಂತೆ 'ಟೇಪ್' ಬರೆದು ಎಂಟರ್ ಕೊಡಿ, ಡಿಸ್ಕನ್ನು ಬಿಟ್ಟು ಟೇಪಿನ ಕಡೆ ನೋಡು ಎಂದು ಹೇಳಿದಂತೆ. ಆಮೇಲೆ 'ಚೈನ್', ಅದರ ಹಿಂದೆಯೇ ಎರಡು ಉದ್ಧರಣ ಚಿಹ್ನೆ, ನಡುವೆ ಏನೂ ಇಲ್ಲದೆ. 'ಸರ್ಚಿಂಗ್' ಎಂದು ಬಂದು, ಸ್ವಲ್ಪ ಹೊತ್ತಿಗೆ 'ಲೋಡಿಂಗ್', ಪ್ರೋಗ್ರಾಂ ಹೆಸರು, ಪಕ್ಕದಲ್ಲಿ 00, 01, 02 ಎಂದು ಏರುವ ಸಂಖ್ಯೆ. ಒಂದೊಂದು ಸಂಖ್ಯೆ 256 ಬೈಟಿನ ಒಂದು ಬ್ಲಾಕು, ಎಣಿಕೆ ಹದಿನಾರರ ಲೆಕ್ಕದಲ್ಲಿ, ಅಂದರೆ 9 ಆದ ಮೇಲೆ ಎ, ಬಿ ಎಂದು ಎಫ್ ತನಕ ಹೋಗಿ ಆಮೇಲೆ 10. ನಡುವೆ 'ಡೇಟಾ?' ಎಂದು ಕೇಳಿ 'ರಿವೈಂಡ್ ಟೇಪ್' ಅಂದರೆ ಆ ಬ್ಲಾಕು ಕೆಟ್ಟಿದೆ ಎಂದರ್ಥ. ಮತ್ತೆ ರೆಕಾರ್ಡ್ ಮಾಡಿ, ತಿರುಪು ನೋಡಿ. ಒಂದು ಸಮಾಧಾನ ಏನೆಂದರೆ, ಪ್ರತಿ ಬ್ಲಾಕಿಗೂ ತಾಳೆ ನೋಡುವ ಲೆಕ್ಕ ಟೇಪಿನಲ್ಲೇ ಇದೆ. ತಕರಾರಿಲ್ಲದೆ ಕೊನೆ ಮುಟ್ಟಿದರೆ ಪ್ರೋಗ್ರಾಂ ಸರಿಯಾಗಿ ಬಂದಿದೆ ಎಂದು ನಂಬಬಹುದು.

ನಮ್ಮ ರಂಗೋಲಿ 27 ಬ್ಲಾಕು, 1ಎ ತನಕ ಎಣಿಸಿ ನಿಂತಿತು. ನಾನು ಉಸಿರು ಹಿಡಿದು ಕೂತಿದ್ದೆ. ಪರದೆಯ ಮೇಲೆ ಬಂದದ್ದು 'ಬ್ಯಾಡ್ ಮೋಡ್'.

ಎರಡು ದಿನ ತಲೆ ಕೆಡಿಸಿಕೊಂಡೆ. ಕಾರಣ ಆ 'ಏಕಾರ್ನ್ ಡಿಎಫ್‌ಎಸ್' ಸಾಲು. ಡಿಎಫ್‌ಎಸ್ ಅಂದರೆ ಡಿಸ್ಕ್ ನೋಡಿಕೊಳ್ಳುವ ತಂತ್ರಾಂಶ. ನಮ್ಮ ಶಾಲೆಯ ಯಂತ್ರಕ್ಕೆ ಡಿಸ್ಕ್ ಇರಲಿಲ್ಲ ಅಂದೆನಲ್ಲ, ಅಲ್ಲಿ ಪ್ರೋಗ್ರಾಂ ಮೆಮೊರಿಯ 3,584ನೇ ಮನೆಯಿಂದ ಶುರುವಾಗುತ್ತಿತ್ತು. ಹದಿನಾರರ ಲೆಕ್ಕದಲ್ಲಿ ಇ00. ಎಮ್ಯುಲೇಟರಿನ ಯಂತ್ರಕ್ಕೆ ಡಿಸ್ಕ್ ಇದೆ. ಅದು ತನ್ನ ಕೆಲಸಕ್ಕೆಂದು ಜಾಗ ಹಿಡಿದುಕೊಂಡು ಪ್ರೋಗ್ರಾಮನ್ನು 6,400ಕ್ಕೆ, ಅಂದರೆ ಹದಿನಾರರ ಲೆಕ್ಕದ 1900ಕ್ಕೆ ತಳ್ಳುತ್ತದೆ. ರಂಗೋಲಿ ಮೂಡುವ ಮೋಡ್ 1ರ ಚಿತ್ರಕ್ಕೆ 20 ಕಿಲೋಬೈಟ್ ಬೇಕು, ಆ ಚಿತ್ರ ಶುರುವಾಗುವುದು 12,288ರಿಂದ. 6,400ರಿಂದ 12,288ಕ್ಕೆ ಉಳಿಯುವುದು 5,888 ಬೈಟ್. ನಮ್ಮ ಪ್ರೋಗ್ರಾಂ ಸುಮಾರು 6,900. ಹಿಡಿಸುವುದಿಲ್ಲ! ಹಳೆ ಯಂತ್ರದಲ್ಲಿ 8,704 ಬೈಟ್ ಇತ್ತು, ಆರಾಮವಾಗಿ ಕೂತಿತ್ತು.

ಪರಿಹಾರ ಸಣ್ಣದು. ಎಫ್12 ಒತ್ತಿ, ನಕ್ಷತ್ರ ಟೇಪ್ ಕೊಟ್ಟ ಮೇಲೆ, 'ಪೇಜ್ = &ಇ00' ಎಂದು ಬರೆದು ಎಂಟರ್ (ಪ್ರೋಗ್ರಾಂ ಆ ಮನೆಯಿಂದ ಶುರುವಾಗಲಿ ಎಂದು ಹೇಳಿದಂತೆ), ಆಮೇಲೆ 'ನ್ಯೂ' ಬರೆದು ಎಂಟರ್. ಟೇಪನ್ನು ಶುರುವಿಗೆ ತಂದು ಮತ್ತೆ ಚೈನ್. ಒಂದು ಎಚ್ಚರಿಕೆ: ಎಫ್12 ಒತ್ತಿದಾಗೆಲ್ಲ ಪೇಜ್ ಮತ್ತೆ 1900ಕ್ಕೇ ಹೋಗುತ್ತದೆ, ಪ್ರತಿ ಸಲವೂ ಹೇಳಬೇಕು. ನಿಮ್ಮ ಹಳೆಯ ಶಾಲಾ ಪ್ರೋಗ್ರಾಂ ಟೇಪಿನಿಂದ ಸರಿಯಾಗಿ ಬಂದೂ ಓಡದಿದ್ದರೆ ನೂರಕ್ಕೆ ತೊಂಬತ್ತು ಪಾಲು ಇದೇ ಕಾರಣ ಎಂದು ನನ್ನ ಅನಿಸಿಕೆ.

ಡಿಸ್ಕಿನಲ್ಲೂ ಒಂದು ಪ್ರತಿ ಇರಲಿ. ಆದರೆ ಇ00ರಲ್ಲಿ ಪ್ರೋಗ್ರಾಂ ಇರುವಾಗ ಡಿಸ್ಕಿಗೆ ಉಳಿಸಲು ಹೋಗಬೇಡಿ, ಡಿಸ್ಕು ಅದೇ ಜಾಗವನ್ನು ತುಳಿದುಬಿಡುತ್ತದೆ. ಎಫ್12 ಒತ್ತಿ, ಪೇಜ್ ಮುಟ್ಟದೆ, ಟೇಪಿನಿಂದ 'ಲೋಡ್' ಮಾತ್ರ ಮಾಡಿ, ಓಡಿಸಬೇಡಿ. ಫೈಲ್ ಮೆನುವಿನಲ್ಲಿ ಹೊಸ ಡಿಸ್ಕ್ ಮಾಡಿ, ನಕ್ಷತ್ರ 'ಡಿಸ್ಕ್' ಕೊಟ್ಟು, 'ಸೇವ್' ಮುಂದೆ ಉದ್ಧರಣ ಚಿಹ್ನೆಯೊಳಗೆ ಹೆಸರು. ಡಿಸ್ಕಿನಲ್ಲಿ ಹೆಸರಿಗೆ ಏಳೇ ಅಕ್ಷರ. ರಂಗೋಲಿ ಎಂಬುದು ಇಂಗ್ಲಿಷಿನಲ್ಲಿ ಸರಿಯಾಗಿ ಏಳು. 'ಡಿಸ್ಕ್ ರೀಡ್ ಓನ್ಲಿ' ಅಂದರೆ ಗಾಬರಿ ಬೇಡ, ಡಿಸ್ಕ್ ಆಯ್ಕೆಗಳಲ್ಲಿ ಬರೆಯದಂತೆ ಹಾಕಿರುವ ಕಾವಲು ತೆಗೆಯಿರಿ. ಓಡುತ್ತಿರುವ ಯಂತ್ರವನ್ನೇ ಇದ್ದ ಸ್ಥಿತಿಯಲ್ಲಿ ಉಳಿಸುವ 'ಸೇವ್ ಸ್ಟೇಟ್' ಕೂಡ ಇದೆ. ಮೊಮ್ಮಗಳಿಗೆ ಮೈಸೂರಿಗೆ ಕಳಿಸಿದ್ದು ಅದನ್ನೇ, ಅವಳು ಏನೂ ಟೈಪ್ ಮಾಡಬೇಕಾಗಲಿಲ್ಲ.

ಕೊನೆಯದು ವೇಗ. ಸ್ಪೀಡ್ ಮೆನುವಿನಲ್ಲಿ 'ರಿಯಲ್ ಟೈಮ್' ಇಡಿ, ಜೋರು ಮಾಡಬೇಡಿ. 6502ಗೆ ಗುಣಾಕಾರದ ಆಜ್ಞೆಯೇ ಇಲ್ಲ, ಒಂದೊಂದು ಸೈನ್, ಕೊಸೈನ್‌ಗೂ ಕೂಡಿ ಕೂಡಿ ಲೆಕ್ಕ ಮಾಡಬೇಕು. ಹಾಗಾಗಿ ಎಳೆ ಚುಕ್ಕಿಯನ್ನು ಸುತ್ತುವುದು ಬೆಳಿಗ್ಗೆ ಬಾಗಿಲಲ್ಲಿ ಬೆರಳು ಓಡುವ ವೇಗದಲ್ಲೇ. ಮೊದಲು 49 ಚುಕ್ಕಿ, ಆಮೇಲೆ ಮೇಲಿನ ಒಂಟಿ ಚುಕ್ಕಿಯಿಂದ ಎಳೆ ಇಳಿದು ಬರುತ್ತದೆ.

ಆರನೇ ಸಾಲಿನ ಮೂರನೇ ಚುಕ್ಕಿಯ ಸುತ್ತು ಸೇರುವುದಿಲ್ಲ, ಒಂದು ಅಕ್ಕಿಕಾಳಿನಷ್ಟು ಬಿಟ್ಟಿದೆ. ಅವತ್ತು ಅದನ್ನು ಸರಿಮಾಡಿ ಮುಗಿಸಿದ್ದಳು ಒಬ್ಬ ಹುಡುಗಿ, ಕ್ಯಾಸೆಟ್ಟಿಗೆ ಹಾಕುವ ಮೊದಲೇ ಕರೆಂಟು ಹೋಯಿತು. ಉಳಿದದ್ದು ಹಿಂದಿನ ದಿನದ ಪ್ರತಿ. ಅವಳು ಹೇಳಿದ್ದ ತಿದ್ದುಪಡಿ ಒಂದೇ ಸಾಲಿನದು, ಈಗ ಹಾಕಿ ನೋಡಿದೆ, ಸುತ್ತು ಸೇರಿತು. ಅದನ್ನು ಬೇರೆ ಹೆಸರಿನಲ್ಲಿ ಪಕ್ಕದಲ್ಲಿಟ್ಟಿದ್ದೇನೆ. ಮೂಲದ್ದು ಹಾಗೇ ಇದೆ. ನೀವೂ ಮೂಲದ ಕಡತದ ಮೇಲೆ ಏನನ್ನೂ ಬರೆಯಬೇಡಿ.