ಗೆದ್ದಲಿನ ಗೆರೆ ಕೆರೆದರೆ ಸಾಲದು, ಬುಡಕ್ಕೆ ಔಷಧಿ ಹೋಗಬೇಕು

ಜಿರಲೆಗೆ ಜೆಲ್ ಇದೆ, ಇಲಿಗೆ ಬೋನಿದೆ, ಸಕ್ಕರೆ ಬೆಲ್ಲದ ಡಬ್ಬಿ ಗಟ್ಟಿಯಾಗಿ ಮುಚ್ಚಿಟ್ಟರೆ ಇರುವೆ ಕಾಟ ಅರ್ಧ ಇಳಿಯುತ್ತದೆ. ಜನ ಎಡವುವುದು ಗೆದ್ದಲಿನ ಹತ್ತಿರ. ಗೋಡೆ ಮೇಲೆ ಮಣ್ಣಿನ ಗೆರೆ ಕಂಡ ಕೂಡಲೇ ಪೊರಕೆ ತಂದು ಕೆರೆಯುತ್ತಾರೆ, ಸೀಮೆಎಣ್ಣೆ ಬಳಿಯುತ್ತಾರೆ, ಮುಗೀತು ಅಂದುಕೊಳ್ಳುತ್ತಾರೆ. ಗೂಡು ಇರುವುದು ನೆಲದೊಳಗೆ. ಇಲ್ಲಿ ದಾರಿ ಕೆಟ್ಟರೆ ನಾಲ್ಕು ಅಡಿ ಆಚೆ ಹೊಸ ದಾರಿ ಏಳುತ್ತದೆ, ಅಷ್ಟೇ.

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಕಡೆ ‘ನಮ್ದು ಸೈಜುಗಲ್ಲಿನ ಮನೆ, ಗೆದ್ದಲು ಏನ್ ಮಾಡುತ್ತೆ’ ಅನ್ನುವವರೂ ಇದ್ದಾರೆ. ಕಲ್ಲನ್ನು ತಿನ್ನಲ್ಲ, ನಿಜ. ಆದರೆ ಹಳೆ ಮನೆಗಳಲ್ಲಿ ಕಲ್ಲಿನ ಸಂದಿಗೆ ತುಂಬಿರುವುದು ಮಣ್ಣು. ಅದರೊಳಗೇ ಹತ್ತಿಕೊಂಡು ಬಂದು ಬಾಗಿಲ ವಾಸ್ಕಲ್ಲು, ಅಂದರೆ ಮರದ ಚೌಕಟ್ಟು, ಹಿಡಿಯುತ್ತದೆ. ಹೊರಗಿನಿಂದ ಒಂದು ಗೆರೆಯೂ ಕಾಣಿಸುವುದಿಲ್ಲ.

ಮೊದಲು ಹುಡುಕಿ

ಟಾರ್ಚ್ ಹಿಡಿದು ಬೀರು ಹಿಂದೆ, ಅಟ್ಟದ ರಟ್ಟಿನ ಡಬ್ಬಗಳ ಕೆಳಗೆ, ಬಚ್ಚಲುಮನೆ ಬಾಗಿಲ ಬುಡದಲ್ಲಿ ನೋಡಿ. ಸ್ಕ್ರೂ ಡ್ರೈವರ್ ಹಿಡಿಯಿಂದ ಮರ ತಟ್ಟಿ. ಟೊಳ್ಳು ಸದ್ದು ಬಂದರೆ ಒಳಗೆ ತಿಂದಿದೆ. ಮಳೆ ಬಿದ್ದ ಸಂಜೆ ಈಸಲು ಹುಳ (ರೆಕ್ಕೆ ಬಂದ ಗೆದ್ದಲು) ಮನೆಯೊಳಗಿನ ಬಿರುಕಿನಿಂದಲೇ ಹೊರಟರೆ ಅನುಮಾನವೇ ಬೇಡ.

ಗೆರೆ ಸಿಕ್ಕಿದರೆ ಪೂರ್ತಿ ಕೆರೆಯಬೇಡಿ. ನಡುವೆ ಒಂದಿಂಚು ಮಾತ್ರ ಒಡೆದು ಬಿಡಿ. ಒಂದೆರಡು ದಿನದಲ್ಲಿ ಆ ಜಾಗಕ್ಕೆ ಹಸಿ ಮಣ್ಣು ಮೆತ್ತಿದ್ದರೆ ದಾರಿ ಇನ್ನೂ ಓಡಾಟದಲ್ಲಿದೆ. ಮೆತ್ತದಿದ್ದರೂ ಪೂರ್ತಿ ನಂಬಬೇಡಿ, ಅಕ್ಕಪಕ್ಕ ನೋಡಿ.

ತೇವ ನಿಲ್ಲಿಸಿ

ಸೋರುವ ನಲ್ಲಿ ರಿಪೇರಿ ಮಾಡಿಸಿ, ಗೋಡೆಗೆ ಒರಗಿಸಿದ ಸೌದೆ, ಹಿಪ್ಪುನೇರಳೆ ಕಡ್ಡಿ ರಾಶಿಯನ್ನು ದೂರ ಸರಿಸಿ.

ಔಷಧಿ ಯಾವುದು?

ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು ಎರಡು. ಹೆಸರಿನ ಮುಂದಿನ ಅಂಕಿ, ಅಕ್ಷರ ಔಷಧಿ ಎಷ್ಟು ಗಟ್ಟಿ, ಯಾವ ಬಗೆ ಅಂತ ಹೇಳುತ್ತವೆ. ಕ್ಲೋರ್‌ಪೈರಿಫಾಸ್ 20 ಇಸಿ ಆದರೆ 1 ಲೀಟರಿಗೆ 19 ಲೀಟರ್ ನೀರು. ಇಮಿಡಾಕ್ಲೋಪ್ರಿಡ್ 30.5 ಎಸ್‌ಸಿ ಆದರೆ ಲೀಟರ್ ನೀರಿಗೆ 2.1 ಮಿಲಿ. ಡಬ್ಬಿ ಮೇಲೆ ಕಟ್ಟಡದ ಗೆದ್ದಲಿಗೆ ಅಂತ ಬರೆದಿರಬೇಕು. ಎರಡನೆಯದನ್ನೇ ತನ್ನಿ. ಮೊದಲನೆಯದರ ವಾಸನೆಗೆ ಮನೆಯಲ್ಲಿ ಇರಲಾಗದು. ಇಮಿಡಾಕ್ಲೋಪ್ರಿಡ್ ಇರುವುದು ಗೆದ್ದಲಿಗೆ ಗೊತ್ತಾಗುವುದಿಲ್ಲ, ಅದರ ಮೇಲೇ ನಡೆದು ಉಳಿದವಕ್ಕೂ ಅಂಟಿಸುತ್ತದೆ. ಕೈಗವಸು, ಮಾಸ್ಕ್ ಬೇಕೇ ಬೇಕು. ಮಕ್ಕಳು, ಬಸುರಿಯರು ಅವತ್ತು ಬೇರೆ ಮನೆಯಲ್ಲಿರಲಿ.

ಮನೆಯಲ್ಲೇ ರೇಷ್ಮೆ ಹುಳು ಸಾಕುವವರು ಇಲ್ಲಿ ನಿಲ್ಲಿ. ಎರಡೂ ರೇಷ್ಮೆ ಹುಳುವಿಗೆ ವಿಷ. ಔಷಧಿ ಮುಟ್ಟಿದ ಕೈಯಲ್ಲಿ ಸೊಪ್ಪು ಮುಟ್ಟಿದರೂ ಬೆಳೆ ಹೋದೀತು. ರೇಷ್ಮೆ ಗೂಡು ಮಾರುಕಟ್ಟೆಗೆ ಹೋದ ಮೇಲೆ, ರೇಷ್ಮೆ ಇಲಾಖೆಯವರನ್ನು ಕೇಳಿಯೇ ಕೈ ಹಾಕಿ.

ತೂತು ಕೊರೆಯುವುದು

ಎಲ್ಲರೂ ಕೆಡಿಸುವುದು ಇಲ್ಲೇ. ನೆಲ, ಗೋಡೆ ಸೇರುವ ಮೂಲೆಯಲ್ಲಿ 12 ಮಿಮೀ ಬಿಟ್ ಹಾಕಿ ಅಡಿಗೊಂದು ತೂತು. ಗೋಡೆಯ ಎರಡೂ ಕಡೆ. ಮೂರು ಇಂಚು ಕೊರೆದು ಸಾಕು ಅಂದರೆ ಔಷಧಿ ಕಾಂಕ್ರೀಟಿನೊಳಗೇ ಕೂತುಬಿಡುತ್ತದೆ, ಮಣ್ಣಿಗೆ ಇಳಿಯುವುದಿಲ್ಲ. ಬಿಟ್ಟಿನ ಜೊತೆ ಮೇಲೆ ಬರುವ ಪುಡಿಯನ್ನು ನೋಡುತ್ತಿರಿ. ಮೊದಲು ಟೈಲ್ಸ್ ಪುಡಿ, ಆಮೇಲೆ ಬೂದು ಬಣ್ಣದ ಸಿಮೆಂಟ್, ಕೊನೆಗೆ ತುಸು ತೇವದ ಕೆಂಪು ಮಣ್ಣು ಬಿಟ್ಟಿನ ಸುರುಳಿಗೆ ಮೆತ್ತಿಕೊಂಡು ಬರುತ್ತದೆ. ಆ ಕೆಂಪು ಕಾಣುವ ತನಕ ನಿಲ್ಲಿಸಬೇಡಿ. ಉದ್ದನೆಯ ಬಿಟ್ ಇಲ್ಲದಿದ್ದರೆ ಬಾಡಿಗೆಗೆ ತನ್ನಿ. ನೀರಿನ ಪೈಪು, ಕರೆಂಟ್ ವೈರು ಹೋದ ಕಡೆ ಕೊರೆಯಬೇಡಿ. ಸಂಪು, ಬಾವಿ, ಬೋರ್‌ವೆಲ್ ಪಕ್ಕದ ಗೋಡೆಯ ತಂಟೆಗೇ ಹೋಗಬೇಡಿ.

ಒಂದು ತೂತಿಗೆ ಒಂದು ಲೀಟರಿನ ತನಕ ಹಾಕಬಹುದು. ಒಂದೇ ಸಲ ಸುರಿದರೆ ಉಕ್ಕಿ ನೆಲದ ಮೇಲೆ ಹರಿಯುತ್ತದೆ. ಲಾಳಿಕೆ ಇಟ್ಟು ಸ್ವಲ್ಪ ಹಾಕಿ, ಪಕ್ಕದ ತೂತಿಗೆ ಹೋಗಿ, ಇಳಿದ ಮೇಲೆ ಮತ್ತೆ ಬನ್ನಿ. ಅರ್ಧ ದಿನ ಹಿಡಿಯುತ್ತದೆ, ಹಿಡಿಯಲಿ. ಪೂರ್ತಿ ಇಂಗಿದ ಮೇಲೆ ಬಿಳಿ ಸಿಮೆಂಟಿನಿಂದ ಮುಚ್ಚಿ.

ವಾಸ್ಕಲ್ಲಿಗೆ ನೀರಿನ ಔಷಧಿ ಬೇಡ. 6 ಮಿಮೀ ಬಿಟ್ಟಿನಿಂದ ಅರ್ಧ ಅಡಿಗೊಂದು ಓರೆ ತೂತು ಹಾಕಿ, ಮರಕ್ಕೆಂದೇ ಸಿಗುವ ಎಣ್ಣೆ ಔಷಧಿಯನ್ನು ಸಿರಿಂಜಿನಲ್ಲಿ ಬಿಡಿ. ಬೆಂಕಿ ಹತ್ತಿರ ಇರಬಾರದು. ಸುತ್ತಿಗೆಯ ಹಿಡಿಗೇ ಪುಡಿಯಾಗುವ ಮರವಿದ್ದರೆ ಔಷಧಿ ದಂಡ, ಹೊಸದು ಹಾಕಿಸಿ. ಸುಟ್ಟ ಎಂಜಿನ್ ಆಯಿಲ್, ಉಪ್ಪು ನೀರು ಇವೆಲ್ಲ ಸುಮ್ನೆ ಮನಸ್ಸಿನ ಸಮಾಧಾನಕ್ಕೆ.

ಇಷ್ಟೆಲ್ಲ ಆಗಲ್ಲ ಅಂದರೆ ಕೆಲಸದವರನ್ನು ಕರೆಸಿ. ಆದರೆ ಗೋಡೆ ಅಂಚಿಗೆ ಬರೀ ಸ್ಪ್ರೇ ಹೊಡೆದು, ಐದು ವರ್ಷದ ಗ್ಯಾರಂಟಿ ಕಾರ್ಡು ಕೊಟ್ಟು ಅರ್ಧ ಗಂಟೆಯಲ್ಲಿ ಹೊರಡುವವರೂ ಬರುತ್ತಾರೆ. ಸೀಲು ಒಡೆಯದ ಡಬ್ಬಿ ನಿಮ್ಮೆದುರೇ ತೆರೆಸಿ. ತೂತು ಎಣಿಸಿ. ಕೆಂಪು ಮಣ್ಣು ಬಂದದ್ದನ್ನು ನೋಡಿ ಅರ್ಧ ದುಡ್ಡು ಕೊಡಿ, ಉಳಿದದ್ದನ್ನು ತಿಂಗಳ ನಂತರ ಹೊಸ ಗೆರೆ ಇಲ್ಲ ಅಂತ ಖಾತ್ರಿಯಾದ ಮೇಲೆ ಕೊಡುವುದಾಗಿ ಮೊದಲೇ ಮಾತಾಡಿಕೊಳ್ಳಿ.