ಎಂಎಸ್-20ರ ನಾಬ್‌ಗಳ ಕರಕರ ಬಿಡಿಸಿದ್ದು

ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ. ಜೂನ್‌ನಲ್ಲಿ ಮಳೆ ಹಿಡಿಯಿತು ಅಂದರೆ ಬೆಲ್ಟು, ಚಪ್ಪಲಿ, ಪುಸ್ತಕ ಎಲ್ಲದಕ್ಕೂ ಬೂಷ್ಟು. ಇಂಥ ಜಾಗದಲ್ಲಿ ಹಳೇ ಸಿಂಥಸೈಜರ್ (ಕರೆಂಟಿನಿಂದಲೇ ಸದ್ದು ಹುಟ್ಟಿಸುವ ಕೀಬೋರ್ಡ್) ಇಟ್ಟುಕೊಳ್ಳುವುದು ಬುದ್ಧಿ ಇರುವವರ ಕೆಲಸ ಅಲ್ಲ. ಆದರೆ ಇದು ನಾನು ಕೊಂಡಿದ್ದಲ್ಲ. ಗಣಪತಿ ಹಬ್ಬಕ್ಕೆ ಆರ್ಕೆಸ್ಟ್ರಾ ಮಾಡುತ್ತಿದ್ದ ಕಾಲದಲ್ಲಿ ಚಿಕ್ಕಪ್ಪ ಯಾರಿಂದಲೋ ಸೆಕೆಂಡ್‌ಹ್ಯಾಂಡ್ ತಂದಿದ್ದ ಕೊರ್ಗ್ ಎಂಎಸ್-20. 1978ರಲ್ಲಿ ಬಂದ ಮಾಡೆಲ್. ಒಂದು ಸಲಕ್ಕೆ ಒಂದೇ ಸ್ವರ ನುಡಿಯುತ್ತದೆ, ಹಾಗಾಗಿ ಹಾಡಿಗೆ ಅಷ್ಟೇನೂ ಒದಗಲಿಲ್ಲವಂತೆ. ನಾಟಕದವರಿಗೆ ಗಾಳಿ, ಗುಡುಗು ಮಾಡಿಕೊಡುತ್ತಿದ್ದರು. ಆಮೇಲೆ ಅದು ಅಟ್ಟ ಸೇರಿ ಅಡಿಕೆಯ ಧೂಳು, ಬಚ್ಚಲೊಲೆಯ ಹೊಗೆ ಎರಡನ್ನೂ ವರ್ಷಗಟ್ಟಲೆ ಕುಡಿಯಿತು.

ಕೆಳಗಿಳಿಸಿ ಮೊದಲು ನೋಡಿದ್ದು ಹಿಂದೆ ಎಷ್ಟು ವೋಲ್ಟ್ ಅಂತ ಬರೆದಿದೆ ಎಂದು. ಜಪಾನ್ ಪೇಟೆಯ ಪೀಸ್ ಆದರೆ 100 ವೋಲ್ಟ್, ನಮ್ಮ 230ಕ್ಕೆ ನೇರ ಚುಚ್ಚಿದರೆ ಕಥೆ ಅಲ್ಲಿಗೇ ಮುಗಿಯಿತು. ನಮ್ಮದು ಸರಿ ಇತ್ತು. ಆನ್ ಮಾಡಿ, ಸದ್ದನ್ನು ಸೋಸಿ ಚೂಪೋ ಮಂದವೋ ಮಾಡುವ ಫಿಲ್ಟರಿನ ಕಟ್‌ಆಫ್ ನಾಬ್ ತಿರುಗಿಸಿದೆ ನೋಡಿ, ಹಂಚಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಸದ್ದು!

ಆಗ ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಮನೆಯಲ್ಲಿ ಬಾಗಿಲ ತಿರುಗಣೆಗೆ, ಸೈಕಲ್ ಚೈನಿಗೆ ಹೊಡೆಯುವ ಸ್ಪ್ರೇ ಇತ್ತಲ್ಲ, ಅದನ್ನೇ ನಾಬ್ ಕಿತ್ತು ಮೇಲಿಂದ ಪುಸಕ್ಕನೆ ಹೊಡೆದೆ. ಎರಡು ದಿನ ಬೆಣ್ಣೆ ಹಾಗೆ ತಿರುಗಿತು. ಹದಿನೈದು ದಿನಕ್ಕೆ ಮೊದಲಿಗಿಂತ ಕೆಟ್ಟದಾಯಿತು. ಅದರ ಎಣ್ಣೆ ಒಳಗೇ ಉಳಿದು ಧೂಳನ್ನು ಅಂಟಿಸಿಕೊಂಡಿತ್ತು. ಸಾಲದ್ದಕ್ಕೆ ನಾಬ್ ಕೂರುವ ದಂಡದ ಸುತ್ತ ಇದ್ದ ಗಟ್ಟಿ ಗ್ರೀಸ್ ಕರಗಿ, ಆ ಹಿತವಾದ ಬಿಗಿಯೂ ಹೋಯಿತು.

ನಾಬ್ ಕೆಳಗಿರುವುದನ್ನು ರೇಡಿಯೋ ರಿಪೇರಿಯವರು ಬರೀ ‘ಕಂಟ್ರೋಲ್’ ಅನ್ನುತ್ತಾರೆ. ಒಳಗೆ ಲಾಳದ ಆಕಾರದ ಕಾರ್ಬನ್ ಪಟ್ಟಿ, ಅದರ ಮೇಲೆ ಜಾರುವ ತೆಳು ಲೋಹದ ನಾಲಿಗೆ, ಹೊರಗೆ ಮೂರು ಕಾಲು. ನಾಲಿಗೆಗೂ ಪಟ್ಟಿಗೂ ನಡುವೆ ಕೊಳೆ ಕೂತರೆ ಸಂಪರ್ಕ ತಪ್ಪಿ ತಪ್ಪಿ ಬರುತ್ತದೆ. ಆಂಪ್ಲಿಫಯರಿನ ವಾಲ್ಯೂಮಿನಲ್ಲಿ ಹಾದುಹೋಗುವುದು ಹಾಡು, ಆದರೆ ಸಿಂಥ್‌ನ ಎಷ್ಟೋ ನಾಬ್‌ಗಳಲ್ಲಿ ಹಾದುಹೋಗುವುದು ಡಿಸಿ ವೋಲ್ಟೇಜ್, ಅದೇ ಫಿಲ್ಟರನ್ನೋ ಪಿಚ್ಚನ್ನೋ ನಡೆಸುವುದು. ಅದಕ್ಕೇ ಚೂರು ಕೊಳೆ ಇದ್ದರೂ ಫಿಲ್ಟರ್ ಎಗರಾಡುತ್ತದೆ, ಕಿವಿಗೆ ಜಾಸ್ತಿ ಹೊಡೆಯುತ್ತದೆ.

ಸರಿಯಾದ ಸ್ಪ್ರೇ ತರಿಸಿದೆ. ಡಿಆಕ್ಸಿಟ್ ಅನ್ನುವ ಕಾಂಟ್ಯಾಕ್ಟ್ ಕ್ಲೀನರ್ ಬ್ರ್ಯಾಂಡಿನಲ್ಲಿ ಡಿ5 ಅಂತ ಒಂದಿದೆ, ಅದು ಜ್ಯಾಕ್, ಸ್ವಿಚ್ ಥರದ ಲೋಹದ ಕಾಂಟ್ಯಾಕ್ಟಿಗೆ. ಕಾರ್ಬನ್ ಪಟ್ಟಿಗೆ ಎಫ್5, ಅದರಲ್ಲಿ ಜಾರಲು ಬೇಕಾದ ಅಂಶವೂ ಇದೆ. ಏರೋಸಾಲ್ ಡಬ್ಬಿ ಆದ್ದರಿಂದ ವಿಮಾನದಲ್ಲಿ ಬರುವುದಿಲ್ಲ, ರಸ್ತೆ ಮೇಲೇ ಬರಬೇಕು. ನಮ್ಮೂರಿಗೆ 11 ದಿನ ಹಿಡಿಯಿತು.

ಪ್ಲಗ್ ಕಿತ್ತು ಒಂದು ರಾತ್ರಿ ಹಾಗೇ ಬಿಟ್ಟೆ, ಪವರ್ ಸಪ್ಲೈನ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತದೆ ಅಲ್ವಾ. ಪ್ಯಾನೆಲ್ಲಿನ ಫೋಟೋ ತೆಗೆದುಕೊಂಡೆ. ನಾಬ್ ಕೀಳಲು ಸ್ಕ್ರೂಡ್ರೈವರ್ ಹಾಕಿದರೆ ಪೇಂಟ್ ಏಳುತ್ತದೆ; ಶೂ ಲೇಸನ್ನು ನಾಬ್ ಬುಡಕ್ಕೆ ಒಂದು ಸುತ್ತು ಹಾಕಿ ಎರಡೂ ತುದಿ ಹಿಡಿದು ನೇರ ಮೇಲಕ್ಕೆ ಎಳೆದೆ, ಟಪ್ ಅಂತ ಬಂತು. ಆದರೆ ಸ್ಪ್ರೇ ಹೋಗಬೇಕಾದದ್ದು ಮೇಲಿಂದಲ್ಲ. ಹಿಂದಿನಿಂದ ಬಿಚ್ಚಿ ನೋಡಿದರೆ ಮೂರು ಕಾಲು ಹೊರಬರುವ ಕಡೆ ಉಗುರಿನಷ್ಟು ಸಂದಿ ಕಾಣುತ್ತದೆ. ಸ್ಪ್ರೇ ಡಬ್ಬಿಯ ಕೆಂಪು ಕೊಳವೆಯ ತುದಿ ಅಲ್ಲಿಟ್ಟು, ಕೆಳಗೆ ಟಿಶ್ಯೂ ಹಿಡಿದು, ಅರ್ಧ ಸೆಕೆಂಡ್ ಮಾತ್ರ ಹೊಡೆಯುವುದು. ಕೂಡಲೇ ಈ ತುದಿಯಿಂದ ಆ ತುದಿಗೆ ಮೂವತ್ತು ಸಲ ತಿರುಗಿಸುವುದು. ಸ್ಪ್ರೇ ಬರೀ ಕೊಳೆಯನ್ನು ಸಡಿಲ ಮಾಡುತ್ತದೆ, ಉಜ್ಜಿ ತೆಗೆಯುವುದು ಆ ನಾಲಿಗೆಯೇ. ನಮ್ಮದರಿಂದ ಟಿಶ್ಯೂ ಮೇಲೆ ಇಳಿದ ನೀರು ಬೆಲ್ಲದ ಕಾಫಿ ಬಣ್ಣ ಇತ್ತು. ಹಳೇ ಎಣ್ಣೆ ಇದ್ದವಕ್ಕೆ ಎರಡೆರಡು ಸಲ ಮಾಡಿದೆ. ಮೂರು ಸಂಜೆ, ಹೆಬ್ಬೆರಳು ಬೊಬ್ಬೆ ಬಂತು.

ಒಂದು ದಿನ ಆರಲು ಬಿಟ್ಟು ಆನ್ ಮಾಡಿದರೆ ಎರಡು ಬಿಟ್ಟು ಮಿಕ್ಕವೆಲ್ಲ ಸುಮ್ಮನಾಗಿದ್ದವು.

ಆ ಎರಡರಲ್ಲಿ ಒಂದನ್ನು ಮುಳ್ಳಿನ ಮಲ್ಟಿಮೀಟರಿಗೆ ಹಾಕಿದೆ, ಒಂದು ಪ್ರೋಬ್ ನಡುವಿನ ಕಾಲಿಗೆ, ಇನ್ನೊಂದು ತುದಿಯ ಕಾಲಿಗೆ. ನಿಧಾನ ತಿರುಗಿಸಿದರೆ ಮುಳ್ಳು ಒಂದೇ ಸಮ ಏರಬೇಕು. ಅರ್ಧ ದಾರಿಯಲ್ಲಿ ಒಂದೇ ಜಾಗದಲ್ಲಿ ಪ್ರತಿ ಸಲ ಎಗರುತ್ತಿತ್ತು. ಅಂದರೆ ಪಟ್ಟಿಯೇ ಸವೆದಿದೆ. ಅದಕ್ಕೆ ಯಾವ ಸ್ಪ್ರೇಯೂ ಇಲ್ಲ, ಬದಲಾಯಿಸಬೇಕು. ಮೈಮೇಲೆ ಬರೆದ ಅಂಕಿ ಜೊತೆ ಅಕ್ಷರವನ್ನೂ ನೋಡಿ, ಜಪಾನಿನವರು ಬಿ ಅಂದರೆ ಲೀನಿಯರ್ (ತಿರುಗಿಸಿದಷ್ಟಕ್ಕೆ ಸಮವಾಗಿ ಏರುವುದು), ಎ ಅಂದರೆ ಲಾಗ್ (ಮೊದಲು ನಿಧಾನ, ಆಮೇಲೆ ಜೋರಾಗಿ ಏರುವುದು). ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರೋಡಿನಿಂದ ಸ್ನೇಹಿತ ಹೊಸದೊಂದು ತಂದುಕೊಟ್ಟ, ದಂಡ ಸ್ವಲ್ಪ ಉದ್ದ ಇತ್ತು, ಗರಗಸದಲ್ಲಿ ಕೊಯ್ದೆ.

ಇನ್ನೊಂದು ವಾಲ್ಯೂಮ್. ಅದು ಮುಳ್ಳಿನ ಪರೀಕ್ಷೆಯಲ್ಲಿ ಚೆನ್ನಾಗೇ ಪಾಸಾಯಿತು, ಆದರೂ ಉದ್ದಕ್ಕೂ ಒಂದೇ ಥರ ಕರಕರ. ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಆನ್ ಮಾಡಿ, ಕರೆಂಟಿನ ವೈರಿನಿಂದ ಕೈ ದೂರ ಇಟ್ಟುಕೊಂಡು, ಅದರ ಎರಡು ತುದಿಯ ಕಾಲಿಗೆ ಡಿಸಿ ಅಳೆದೆ. ಹೆಚ್ಚುಕಡಿಮೆ ಸೊನ್ನೆ ಇರಬೇಕಿತ್ತು, ಇರಲಿಲ್ಲ. ಅದಕ್ಕೂ ಮೊದಲು ಕೂತು ಡಿಸಿಯನ್ನು ತಡೆಯಬೇಕಾದ ಕೆಪಾಸಿಟರ್ ಸೋರುತ್ತಿತ್ತು. ಡಿಸಿ ನುಗ್ಗಿದರೆ ಹೊಸ ಕಂಟ್ರೋಲ್ ಹಾಕಿದರೂ ಕರಕರ ಹೋಗುವುದಿಲ್ಲ. ಕೆಪಾಸಿಟರ್ ಬದಲಾಯಿಸಿದ ಮೇಲೆ ಸದ್ದಿಲ್ಲ.

ಮಳೆಗಾಲಕ್ಕೆ ಈಗ ಸಿಲಿಕಾ ಜೆಲ್ ಇಟ್ಟು ಮುಚ್ಚಿದ್ದೇನೆ. ವಾರಕ್ಕೊಮ್ಮೆ ತೆಗೆದು ಎಲ್ಲ ನಾಬ್ ಹತ್ತು ಸಲ ತಿರುಗಿಸುತ್ತೇನೆ. ಸುಮ್ನೆ ಬಿಟ್ಟರೆ ಈ ಥಂಡಿಗೆ ಮತ್ತೆ ಹಿಡಿಯುತ್ತದೆ.

ಮೊನ್ನೆ ಚಿಕ್ಕಪ್ಪ ಬಂದಿದ್ದರು. ನಾಯ್ಸ್‌ನಿಂದ (ಬರೀ ಸುಯ್ ಅನ್ನುವ ಸದ್ದು ಬರುವ ಜ್ಯಾಕ್) ಫಿಲ್ಟರಿಗೆ ಒಂದು ವೈರ್ ಚುಚ್ಚಿ, ಕಟ್‌ಆಫ್ ಹಿಡಿದು ಆ ಕಡೆ ಈ ಕಡೆ ಎಳೆದಾಡಿದರು. ಗಾಳಿ ಬಂತು, ಗುಡುಗೂ ಬಂತು. ಮುಖ ಮಾತ್ರ ಅರಳಲಿಲ್ಲ.

“ಕರಕರ ಎಲ್ಲಾ ತೆಗೆದು ಬಿಟ್ಯಲ್ಲೋ ಮಾರಾಯ, ನನ್ನ ಸಿಡಿಲಿಗೆ ಅದೇ ಬೇಕಿತ್ತು” ಅಂದರು.